ಎರಡೂ ತುದಿಗೆ ಒಂದೇ ತಪ್ಪು

ಬುಷರಾ, ನಾನೇ ಮಾಡಿದ ನೆಟ್‌ವರ್ಕ್ ಕೇಬಲ್ ಇವತ್ತು ಪಾಸಾಯಿತು, ಟೆಸ್ಟರ್‌ನ ಎಂಟೂ ದೀಪ ಹತ್ತಿದವು! ಹೌದು, ನಾವಿಬ್ಬರೂ ಹುಬ್ಬಳ್ಳಿಯಲ್ಲಿ ಸೇರಬೇಕೆಂದಿದ್ದ ಅದೇ ಕೋರ್ಸು. ಮದುವೆಯಾದದ್ದೇ ತಡ, ನನ್ನವರು, ಅಲ್ತಮಶ, ನನ್ನನ್ನು ಇಲ್ಲಿ ಮುಂಬೈನ ಭಾಂಡುಪ್‌ನ ಕಾಲೇಜಿಗೆ ಸೇರಿಸಿಬಿಟ್ಟರು. ಎಷ್ಟು ಒಳ್ಳೆಯವರು ಗೊತ್ತೇನ!

ಲ್ಯಾಬಿನಲ್ಲಿ ಕೇಬಲ್ಲಿನ ಒಂದು ತುದಿಗೆ ಒಬ್ಬರು, ಇನ್ನೊಂದಕ್ಕೆ ಅವರ ಜೊತೆಗಾರರು ಪ್ಲಗ್ ಜೋಡಿಸಬೇಕು. ನನಗೆ ಜೊತೆ ಯಾರೂ ಇರಲಿಲ್ಲ, ಎರಡಕ್ಕೂ ನಾನೇ ಜೋಡಿಸಿದೆ. ಸರ್ ನೋಡಿ ನಕ್ಕರು. "ಅರೇ ಬೇಟಾ, ದೋನೋ ತರಫ್ ಸೇಮ್ ಮಿಸ್ಟೇಕ್! ಇಸ್‌ಲಿಯೇ ಚಲ್ ಗಯಾ." ಹಸಿರು, ಕಂದು ತಂತಿಗಳನ್ನು ಎರಡೂ ಕಡೆ ಅದಲುಬದಲು ಮಾಡಿದ್ದೆ; ತಪ್ಪು ಎರಡೂ ಕಡೆ ಒಂದೇ ಆದದ್ದರಿಂದ ಕೇಬಲ್ ನಡೆದಿತ್ತು. ಶಾಲೆಯಲ್ಲಿ ನಾವಿಬ್ಬರೂ ಒಂದೇ ತಪ್ಪು ಉತ್ತರ ಬರೆದು ಸಿಕ್ಕಿಬಿದ್ದದ್ದು ನೆನಪಾಗಿ, ಹೇಳಲು ಪಕ್ಕಕ್ಕೆ ತಿರುಗಿದೆ. ಸ್ಟೂಲಿನ ಮೇಲೆ ನನ್ನ ಬ್ಯಾಗಿತ್ತು.

ನಿಕಾಹ್ ದಿನ ನೀನು, "ಹಂಗಾರ ಕಾಲೇಜಿಗೆ ನಾ ಒಬ್ಬಾಕಿ ಹ್ಯಾಂಗ ಹೋಗ್ಲಿ?" ಎಂದೆ. ನಾನು ಕೈ ಚಾಚಿ, "ಮೆಹಂದಿ ನೋಡ, ಎಷ್ಟ ಕೆಂಪಗ ಬಂದೈತಿ!" ಎಂದೆ.

ಆಮೇಲೆ ನನ್ನ ಯಾವ ಮೆಸೇಜಿಗೂ ನಿನ್ನ ಉತ್ತರವಿಲ್ಲ. ಈ ಪತ್ರವನ್ನು ಕಳಿಸುವುದಿಲ್ಲ. ಕೇಬಲ್ಲಿನ ಒಂದು ತುದಿಯ ಪ್ಲಗ್ ಕತ್ತರಿಸಿ, ಅದನ್ನು ನೀನೇ ಜೋಡಿಸಲೆಂದು ಕೇಬಲ್ಲನ್ನು ಬ್ಯಾಗಿನಲ್ಲಿಟ್ಟಿದ್ದೇನೆ. ಬರುವ ಶುಕ್ರವಾರ ಮಧ್ಯಾಹ್ನ, ದಾದರ್-ಹುಬ್ಬಳ್ಳಿ ರೈಲುಗಾಡಿಯಲ್ಲಿ ನಾನೇ ನಿನ್ನ ಹತ್ತಿರ ಬರುತ್ತೇನೆ.