ತೂಕದ ಯಂತ್ರವೇರಿದ ನನ್ನ ಪಾದಗಳು

ಮಂಗಳವಾರ, ರಾತ್ರಿ

ಕಾಲ್ಬೆರಳ ನೇಲ್ ಪಾಲಿಶ್ ಇನ್ನೂ ಒಣಗಿಲ್ಲ, ಹೊದ್ದುಕೊಳ್ಳುವಂತಿಲ್ಲ.

ಅಕ್ಕನಿಗೆ ತೂಕ ಇಳಿಸುವ ಇಂಜೆಕ್ಷನ್ ಬರೆದುಕೊಡಲು ಆನ್‌ಲೈನ್ ಡಾಕ್ಟರು ಹೋದ ತಿಂಗಳು ತೂಕದ ಯಂತ್ರದ ಫೋಟೊ ಕೇಳಿದ್ದರು. ಅವಳೋ ಕಡ್ಡಿ. ಆದ್ದರಿಂದ ಅವಳ ಕೆಂಪು ಪಾಲಿಶ್ ಧರಿಸಿದ ನನ್ನ ಪಾದಗಳೇ ತೊಂಬತ್ತು ಕಿಲೋ ಘನತೆಯೊಡನೆ ಯಂತ್ರವೇರಿ ದರ್ಶನವಿತ್ತವು. ಔಷಧ ಮಂಜೂರಾಯಿತು. ಬಿದ್ದು ಬಿದ್ದು ನಕ್ಕೆವು.

ಈಗ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲುವುದಿಲ್ಲ. ಇವತ್ತು ಬಚ್ಚಲಲ್ಲಿ ಕುಸಿದು ಕೂತವಳು, "ತೂಕ ಇಳಿದಿಲ್ಲ ಅಂತ ತೋರಿಸಿದ್ರೆ ಡೋಸ್ ಜಾಸ್ತಿ ಮಾಡ್ತಾರಂತೆ. ಕಾಲು ಕೊಡೋ, ಆನೆಮರಿ," ಅಂದಳು.

"ನಿನ್ನ ಮೂಳೆ ಎಣಿಸ್ಬಹುದು, ಅಕ್ಕಾ. ಡಾಕ್ಟರಿಗೆ ನಿಜ ಹೇಳ್ತೀನಿ."

"ಹೇಳು. ಆ ಪಾದ ಯಾರದ್ದು ಅಂತ ಅಮ್ಮಂಗೆ ನಾನು ಹೇಳ್ತೀನಿ."

ಪಾಲಿಶ್ ಬಾಟಲಿಯ ಮುಚ್ಚಳ ತಿರುಗಿಸುವಷ್ಟೂ ಶಕ್ತಿ ಅವಳ ಬೆರಳಲ್ಲಿರಲಿಲ್ಲ.

ನಾನೇ ತೆಗೆದುಕೊಟ್ಟೆ.