ಸೌದೆ ಅಕ್ಕನ ಹಾವು

ಜೂನ್ 16, ಹಿಂದೂಪುರ

ಮತ್ತೆ ಹಾವು ತಿದ್ದುವ ಕೆಲಸ. ಹವಾಮಾನ ಹದಗೆಡುತ್ತಿದೆಯೆಂದು ಮಕ್ಕಳಿಗೆ ತಿಳಿಸಲು ನಮ್ಮ ಸಂಸ್ಥೆ ಮಾಡುತ್ತಿರುವ ಹಾವು-ಏಣಿ ಆಟ. ಹಾವಿಗೊಂದು ಪ್ರಾಸ. ಕಟ್ಟುವವನು ನಾನು.

ಎ.ಸಿ. ಹಾಕಿದವರನ್ನು ನುಂಗುವ ಹಾವು ನೋಡಿ ಸಂಸ್ಥೆ ನಡೆಸುವ ಶಿರೀಷಾ ಮೇಡಂ ಮುಖ ಹುಳ್ಳಗಾಯಿತು. "ತಿಪ್ಪೇಶ್ ಗಾರೂ, ಫಂಡ್ ಕೊಡೋರು ಎ.ಸಿ.ಯಲ್ಲೇ ಕೂತಿರ್ತಾರೆ. ಹಳ್ಳಿ ಹಾವು ಹಾಕಿ."

ಹಾಕಿದೆ. ಸೌದೆ ಹೊತ್ತ ಹೆಂಗಸು. ಕೆಳಗೆ—

ಸೌದೆ ಸುಡುವ ಅಕ್ಕ,
ಮೋಡ ಓಡಿತು ಪಕ್ಕ!

ಮೇಡಂ ಚಪ್ಪಾಳೆ ತಟ್ಟಿದರು. ನನಗೂ ಖುಷಿಯೇ ಆಯಿತು. ಥೂ.

ಜೂನ್ 25, ಕಲ್ಯಾಣದುರ್ಗ ಬಸ್ ಸ್ಟ್ಯಾಂಡ್

ಬ್ರಹ್ಮಸಮುದ್ರದ ಕಡೆಯ ಕನ್ನಡ ಶಾಲೆಯಲ್ಲಿ ಆಟ ಆಡಿಸಿ ವಾಪಸ್. ಅಂಗಳದ ತುಂಬ ಫ್ಲೆಕ್ಸ್, ಮಕ್ಕಳೇ ಕಾಯಿ. ಗೇಟಿನ ಹೊರಗೆ ಮೇಡಂ ಕಾರು, ಇಂಜಿನ್ ಆರಿಸಿಲ್ಲ... ಒಳಗೆ ತಂಪಿರಲೆಂದು. ಅದಕ್ಕೆ ಹಾವಿಲ್ಲ.

ಅಷ್ಟರಲ್ಲಿ ಬಿಸಿಯೂಟ ಬೇಯಿಸುವ ಚೌಡಕ್ಕ ಜಾಲಿ ಸೌದೆ ಹೊತ್ತು ಬಂದಳು. ಸಿಲಿಂಡರ್ ಬಂದಿಲ್ಲ, ಸೌದೆ ತರಲು ಹೇಳಿದ್ದು ಹೆಡ್‌ಮಾಸ್ಟರ್ ಓಬಳಪ್ಪನವರೇ. ಯಾವನೋ ಶುರು ಮಾಡಿದ—

"ಸೌದೆ ಸುಡುವ ಚೌಡಕ್ಕ, ಮೋಡ ಓಡಿತು ಆ ಪಕ್ಕ!"

ಇಡೀ ಶಾಲೆ ಹಾಡಿತು. ಪ್ರಾಸ ನನ್ನದಕ್ಕಿಂತ ಚೆನ್ನಾಗಿದೆ. ಚೌಡಕ್ಕ ನಕ್ಕಳು. ಆರನೇ ಕ್ಲಾಸಿನ ಮಗಳು ಮೌನಿಕಾ ನಗಲಿಲ್ಲ.

ಮೇಡಂ ವಿಡಿಯೋ ಮಾಡಿಕೊಂಡರು.

ಜುಲೈ 8, ಹಿಂದೂಪುರ

ವಿಡಿಯೋ ಜೋರಾಗಿ ಓಡುತ್ತಿದೆಯಂತೆ. ಆಫೀಸಿನಲ್ಲಿ ಪೇಡಾ. ಬಾಯಿಗೆ ಹಾಕಿಕೊಂಡಿದ್ದೆನಷ್ಟೇ, ಓಬಳಪ್ಪನವರ ಫೋನ್— ಮೌನಿಕಾ ಅವತ್ತಿನಿಂದ ಶಾಲೆಗೆ ಬಂದಿಲ್ಲ.

ಆ ಚೌಕ ತೆಗೆಯೋಣ ಎಂದೆ.

"ಮಕ್ಕಳ ಬಾಯಲ್ಲಿ ನಿಂತಿರೋದು ಅದೊಂದೇ. ಅದನ್ನೇ ತೆಗೀಬೇಕಾ? ಏಂಟಂಡೀ ಮೀರು, ಏನ್ರೀ ನೀವು!" ಎಂದರು ಮೇಡಂ.

ಹೊರಗೆ ಹೋಗಿ ಪೇಡಾ ಉಗಿದೆ.

ಜುಲೈ 10, ಕಲ್ಯಾಣದುರ್ಗದ ಲಾಡ್ಜ್

ರಜೆ ಹಾಕಿ ಚೌಡಕ್ಕನ ಮನೆಗೆ ಹೋದೆ. ಮೌನಿಕಾ ಗೋಡೆ ಕಡೆ ತಿರುಗಿ ಕೂತಿದ್ದಳು. ಕ್ಷಮೆ ಕೇಳಲು ಬಾಯಿ ತೆರೆದೆ. ಒಲೆಯ ಹೊಗೆಗೆ ಬಂದದ್ದು ಕೆಮ್ಮು.

"ಗ್ಯಾಸ್ ಕೊಡ್ಲಿ, ನಾಳೆನೇ ಸೌದೆ ಬಿಡ್ತೀನಿ," ಎಂದಳು ಚೌಡಕ್ಕ. "ನನ್ನ ಅಂದ್ರೆ ಅನ್ಲಿ ಕಣಪ್ಪ. ಇವ್ಳು ನೋಡು, ನೀನು ಇಸ್ಕೂಲ್ ತಾವ ಬರ್ಬ್ಯಾಡ, ಬಂದ್ರೆ ನಾನು ಹೋಗಲ್ಲ ಅಂತ ಕುಂತವ್ಳೆ. ಪದ ಕಟ್ಟಿದೋನು ನೀನು. ಬಿಚ್ಚೋನೂ ನೀನೇ."

ನಾಳೆ ಅಳಿಸುತ್ತೇನೆ ಎಂದೆ.

ಮೌನಿಕಾ, ತಿರುಗದೆ: "ಅಳಿಸಿದ್ರೆ ಬತ್ತೀನಿ."

ಜುಲೈ 11, ಬೆಳಿಗ್ಗೆ, ಶಾಲೆ ಜಗಲಿ

ನಾವು ಶಾಲೆಗೇ ಬಿಟ್ಟುಬಂದಿದ್ದ ಫ್ಲೆಕ್ಸ್ ಗೋಡೆಗೆ ತೂಗುಹಾಕಿದ್ದರು. ಆ ಚೌಕಕ್ಕೆ ಕಪ್ಪು ಪೇಂಟ್ ಬಳಿದೆ. ಅಕ್ಕ, ಸೌದೆ, ಮೋಡ— ಎಲ್ಲ ಹೋಯಿತು. ಒಣಗುವ ತನಕ ಕೂತು ಬರೆಯುತ್ತಿದ್ದೇನೆ.

ಹೊಸದಾಗಿ ಸೇರಿದ ಪುಟ್ಟವನೊಬ್ಬ ಕೇಳಿದ: "ಇಲ್ಲೇನಿತ್ತು ಸಾ?"

ನಾನು ಬಾಯಿ ಬಿಡುವ ಮುನ್ನ ಉಳಿದವರೆಲ್ಲ ಉತ್ತರ ಹೇಳಿದರು. ಒಕ್ಕೊರಲಿನಲ್ಲಿ. ಪ್ರಾಸ ಸಮೇತ.

ನನ್ನ ಪ್ರಾಸಕ್ಕಿಷ್ಟು ಬೆಂಕಿ ಹಾಕ.

ಗೇಟಿನ ಸದ್ದು. ತಾಯಿ-ಮಗಳು. ಪುಸ್ತಕದ ಚೀಲ ಚೌಡಕ್ಕನ ಹೆಗಲಲ್ಲಿ. ಸೌದೆ ಹೊರೆ ಮೌನಿಕಾಳ ತಲೆ ಮೇಲೆ. ಹಾಡು ಇನ್ನೂ ನಿಂತಿಲ್ಲ. ಅವಳೂ ನಿಲ್ಲುತ್ತಿಲ್ಲ, ನೇರ ನನ್ನ ಕಡೆಗೇ ಬರುತ್ತಿದ್ದಾಳೆ.