ಬ್ಯೂಕ್ ಕಾರಿನ ಹೊಸ ರೇಡಿಯೋ

ಲೈಲ್,

ಕಣ್ಣಿನ ಡಾಕ್ಟರನ್ನು ನೋಡಲು ನಾರ್ತ್ ಪ್ಲಾಟ್ ಪಟ್ಟಣಕ್ಕೆ ಹೋಗುತ್ತಿದ್ದೇನೆ. ಪಕ್ಕದ ಮನೆಯ ಕೊರಾ ಕರೆದುಕೊಂಡು ಹೋಗುತ್ತಾಳೆ. ಆರು ಗಂಟೆಗೆ ಬರುತ್ತೇನೆ.

ನಿನ್ನೆಯ ಹಂದಿಮಾಂಸ, ಆಲೂಗಡ್ಡೆ ಫ್ರಿಜ್ಜಿನಲ್ಲಿದೆ. ಬಿಸಿ ಮಾಡಿಕೊಂಡು ತಿನ್ನು.

ಬೆಕ್ಕಿಗೆ ಊಟ ಆಗಿದೆ. ಆಗಿಲ್ಲ ಎಂದು ಅದು ಅತ್ತರೆ ನಂಬಬೇಡ.

ಇನ್ನು ನಿನ್ನ ಕಾರಿನ ವಿಷಯ. "ಇಪ್ಪತ್ತೆಂಟು ವರ್ಷದ ಬ್ಯೂಕ್‌ಗೆ ಸ್ಯಾಟಲೈಟ್ ರೇಡಿಯೋ ಯಾಕೋ, ಮುದುಕಿಗೆ ಜುಮಕಿ ಇಟ್ಟ ಹಾಗೆ" ಅಂದವಳು ನಾನೇ. ಅವತ್ತಿನಿಂದ ಒಂಬತ್ತು ದಿನ ನೀನು ನನ್ನ ಹತ್ತಿರ ಮಾತು ಬಿಟ್ಟಿದ್ದೀಯ. ಸಂಜೆಯಾದರೆ ಅಂಗಳದಲ್ಲಿ ಕಾರಿನೊಳಗೆ ಕೂತು, ಗಾಜು ಏರಿಸಿಕೊಂಡು, ಒಬ್ಬನೇ ಬೇಸ್‌ಬಾಲ್ ಆಟ ಕೇಳುತ್ತೀಯ.

ಒಬ್ಬನೇ ಅಂತ ನೀನು ಅಂದುಕೊಂಡಿದ್ದೀಯ. ನೀನು ಕೂರಿಸಿದ ಆ ಸ್ಯಾಟಲೈಟ್ ರೇಡಿಯೋದ ಪುಟ್ಟ ಡಬ್ಬಿ ಎಫ್‌ಎಂ 88.1ರಲ್ಲಿ ಕಾರಿನ ಹಳೇ ರೇಡಿಯೋಗೆ ದನಿ ಕಳಿಸುತ್ತದಲ್ಲ, ಅದೇ ದನಿ ನನ್ನ ಅಡುಗೆಮನೆಯ ರೇಡಿಯೋದಲ್ಲೂ ಬರುತ್ತದೆ. ಒಂಬತ್ತು ದಿನವೂ ಕೇಳಿದ್ದೇನೆ. ನಿನ್ನೆ ನಮ್ಮವರು ಸೋಲುತ್ತಿದ್ದಾರೆಂದು ನೀನು ಮಧ್ಯದಲ್ಲೇ ಆರಿಸಿ, ಒಳಗೆ ಬಂದು ಮಲಗಿದೆ. ಆಮೇಲೆ ಏನಾಯಿತೆಂದು ನನಗೂ ಗೊತ್ತಾಗಲಿಲ್ಲ, ನಿನ್ನನ್ನು ಕೇಳುವ ಹಾಗೂ ಇರಲಿಲ್ಲ.

ಇವತ್ತು ಕಣ್ಣಿಗೆ ಔಷಧಿಯ ಹನಿ ಹಾಕುತ್ತಾರಂತೆ. ಟೀವಿ ನೋಡಲು ಆಗುವುದಿಲ್ಲ. ಆದ್ದರಿಂದ ಆಟ ಪೂರ್ತಿ ಮುಗಿಯುವ ತನಕ ರೇಡಿಯೋ ಆರಿಸಬೇಡ. ಕಾರನ್ನು ಆ ಎಲ್ಮ್ ಮರದ ಕೆಳಗಿಂದ ತೆಗೆದು ಅಡುಗೆಮನೆಯ ಕಿಟಕಿಯ ಪಕ್ಕಕ್ಕೆ ನಿಲ್ಲಿಸು. ಮರದಡಿಯಿಂದ ದನಿ ಒಡೆದೊಡೆದು ಬರುತ್ತದೆ.

ಮಾತಾಡದಿದ್ದರೆ ಬಿಡು. ಗಾಜು ಮಾತ್ರ ಇಳಿಸಿರು, ಕಾಫಿ ಕಿಟಕಿಯಿಂದಲೇ ಕೊಡುತ್ತೇನೆ.

ನಿನ್ನ ಅಕ್ಕ,
ಆರ್ಡಿತ್